ಬ್ರೆಂಡನ್ನರ ನೋಟ್‌ಬುಕ್ಕಿನಲ್ಲಿ ಕಪ್ಪತಗುಡ್ಡ

ಯೂನಿಯನ್ ಸಿಟಿ

ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬಂದವರು ಮೊದಲು ಆ ಕೆಂಪು ಸೇತುವೆಯ ಬಗ್ಗೆ ಹೇಳುತ್ತಾರೆ. ನಾನೂ ನೋಡಿದೆ. ಉದ್ದವಾಗಿದೆ, ಚೆಂದವಾಗಿದೆ, ಅಲ್ಲಿನ ಗಾಳಿಗೆ ತಲೆಯ ಮೇಲೆ ದುಪಟ್ಟಾ ನಿಲ್ಲುವುದಿಲ್ಲ. ಸೇತುವೆಯ ಬಗ್ಗೆ ಇಷ್ಟು ಸಾಕು. ಎರಡು ತಿಂಗಳ ಆ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಭಾನುವಾರ. ಅಂದು ಬೆಳಗಿನಿಂದ ಸಂಜೆಯವರೆಗೆ ನಾನು ಗುಡ್ಡಗಳ ನೆತ್ತಿಯ ಮೇಲೆ ನಡೆದೆ.

ಮುಂಡರಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ನಾನು ದೈಹಿಕ ಶಿಕ್ಷಕಿಯಾಗಿದ್ದೆ. ಊರಿನಲ್ಲಿ ನನಗೆ ಪಿ.ಟಿ. ಜಮೀಲಾ ಟೀಚರ್ ಎಂದೇ ಹೆಸರು. ನಿವೃತ್ತಿಯಾದ ವರ್ಷವೇ ತಮ್ಮ ಇಕ್ಬಾಲ್ ಟಿಕೆಟ್ ಕಳಿಸಿದ. ಯೂನಿಯನ್ ಸಿಟಿಯಲ್ಲಿ ಅವನ ಮನೆ. ಆಗ ಆ ಸೀಮೆಯಲ್ಲಿ ಎಲ್ಲರೂ ಕಂಪ್ಯೂಟರ್ ಕಂಪನಿ ತೆರೆಯುತ್ತಿದ್ದರು, ಅಷ್ಟೇ ಬೇಗ ಮುಚ್ಚುತ್ತಿದ್ದರು. ನಮ್ಮ ಬಸ್‌ಸ್ಟ್ಯಾಂಡಿನ ಚಹಾದಂಗಡಿ ಅವಕ್ಕಿಂತ ಹೆಚ್ಚು ದಿನ ಬಾಳಿದೆ.

ಇಕ್ಬಾಲನ ಮಗಳು ಸನಾ. ಹದಿಮೂರು ವರ್ಷ, ಹುಟ್ಟಿದ್ದು ಅಲ್ಲಿಯೇ. ಅಪ್ಪನ ಅಕ್ಕನಾದ ನನ್ನನ್ನು ಫುಪ್ಪು ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಉರ್ದು, ಕನ್ನಡ ಎರಡೂ ಕಲೆತ ಮಾತು. ಸನಾಗೆ ಎರಡೂ ತಿಳಿಯುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನಾನು ಹೋದ ಮರುದಿನದಿಂದಲೇ ಅವಳನ್ನು ಬೆಳಿಗ್ಗೆ ಎಬ್ಬಿಸಿ, ಅಪಾರ್ಟ್‌ಮೆಂಟಿನ ಕಾರುಗಳ ನಡುವೆ ನಿಲ್ಲಿಸಿ ಡ್ರಿಲ್ ಮಾಡಿಸುತ್ತಿದ್ದೆ. ಅವಳು ಆಕಳಿಸುತ್ತ "ಒಂದು, ಎರಡು, ಮೂರು, ನಾಕು" ಎಂದು ಎಣಿಸುತ್ತಿದ್ದಳು. ನೆರೆಹೊರೆಯವರು ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದರು. ನೋಡಲಿ ಎಂದೇ ನಾನು ದನಿ ಏರಿಸುತ್ತಿದ್ದೆ.

ಇಕ್ಬಾಲ್ ಅಲ್ಲಿ ಒಂದು ಗುಡ್ಡ ನಡೆಯುವವರ ಗುಂಪಿಗೆ ಸೇರಿದ್ದ. ಅದರ ಹಿರಿಯ ಬ್ರೆಂಡನ್, ಐರ್ಲೆಂಡಿನವರು, ಅರವತ್ತು ದಾಟಿದವರು, ಸ್ಯಾನ್ ಮಟಿಯೋದಲ್ಲಿ ಬಡಗಿ ಕೆಲಸ. ಅವರ ಊರ ಕಡೆ ಸಾಲುಗುಡ್ಡಗಳನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವ ರೂಢಿಯಂತೆ. ಅದನ್ನು ಇಲ್ಲಿಗೆ ತಂದು, ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಪಕ್ಕದೂರು ಫ್ರೀಮಾಂಟಿನ ಮೇಲಿನ ಮೂರು ಶಿಖರಗಳ ನಡಿಗೆ ನಡೆಸುತ್ತಾರೆ. ಮೂರನ್ನೂ ಒಂದೇ ದಿನದಲ್ಲಿ ಮುಗಿಸಿದವರು ಕೊನೆಗೆ ಅವರ ಹಳೆಯ ನೋಟ್‌ಬುಕ್ಕಿನಲ್ಲಿ ತಮ್ಮ ಹೆಸರು ಬರೆದು, ಅದರ ಮುಂದೆ ತಮ್ಮೂರಿನ ಗುಡ್ಡದ ಹೆಸರು ಬರೆಯಬೇಕು. ಚೀನಾದ ಗುಡ್ಡ, ಪೆರುವಿನ ಗುಡ್ಡ, ಎಲ್ಲ ಅದರಲ್ಲಿವೆ ಎಂದು ಇಕ್ಬಾಲ್ ಹೇಳಿದ. ಕರ್ನಾಟಕದ್ದು ಒಂದೂ ಇಲ್ಲ ಎಂದು ತಿಳಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆ ಪುಸ್ತಕದಲ್ಲಿ ನಮ್ಮೂರಿನ ಪಕ್ಕದ ಕಪ್ಪತಗುಡ್ಡದ ಹೆಸರು ಬರೆಯದೆ ನಾನು ವಿಮಾನ ಹತ್ತುವುದಿಲ್ಲ ಎಂದು ನಿಶ್ಚಯಿಸಿದೆ.

"ಆಪಾ, ಮೂರು ಗುಡ್ಡ ಅಂದ್ರ ಹುಡುಗಾಟಿಕಿ ಅಲ್ಲ. ಮೊಣಕಾಲು ಹಿಡಿತಾವ," ಎಂದ ಇಕ್ಬಾಲ್.

"ನಮ್ಮ ಕಪ್ಪತಗುಡ್ಡದ ಮುಂದ ಇವೆಲ್ಲಾ ಯಾವ ಲೆಕ್ಕ? ಅದರ ತುದಿಮ್ಯಾಲೆ ಗಾಳಿಗೆ ಮನಷ್ಯಾ ನಿಂದ್ರೂದಿಲ್ಲ, ಗೊತ್ತೇನು?"

ಇಕ್ಬಾಲ್ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಚಹಾದ ಲೋಟ ಎತ್ತಿಕೊಂಡು ಎದ್ದ. ಸನಾ ಹಾಲಿನ ಬಟ್ಟಲಿನಿಂದ ತಲೆ ಎತ್ತಿ ಕೇಳುತ್ತಿದ್ದಳು.

ಗುಡ್ಡದ ಬುಡ

ಆ ಭಾನುವಾರ ಇಕ್ಬಾಲನೂ ಬರಬೇಕಿತ್ತು. ಹೊರಡುವ ಹೊತ್ತಿಗೆ ಆಫೀಸಿನಿಂದ ಫೋನು ಬಂತು. ಅಲ್ಲಿ ಭಾನುವಾರವೂ ಮೀಟಿಂಗು. ನಮ್ಮಿಬ್ಬರನ್ನು ಕಾರಿನಿಂದ ಇಳಿಸಿ, ಸನಾ ಕೈಗೆ ಮೊಬೈಲು ಕೊಟ್ಟು ಹೋದ.

ಹದಿನಾಲ್ಕು ಜನ ಸೇರಿದ್ದರು. ಎಲ್ಲರ ಕಾಲಲ್ಲೂ ಪೊಲೀಸರ ಬೂಟಿನಂಥ ಬೂಟು, ಬೆನ್ನ ಮೇಲೆ ಚೀಲ, ಚೀಲದಿಂದ ಬಾಯಿಗೆ ಬರುವ ನೀರಿನ ಕೊಳವೆ. ನಾನು ಸಲ್ವಾರ್ ಕಮೀಜು ತೊಟ್ಟು, ಹಿಂದಿನ ದಿನವಷ್ಟೇ ಪಾಲಿಶು ಬಳಿದು ಒಣಗಿಸಿದ ಬಿಳಿ ಕ್ಯಾನ್ವಾಸ್ ಬೂಟು ಹಾಕಿದ್ದೆ. ಕೊರಳಲ್ಲಿ ನನ್ನ ಸೀಟಿ. ಅದಿಲ್ಲದೆ ಮೈದಾನಕ್ಕೆ ಇಳಿದ ನೆನಪು ನನಗಿಲ್ಲ.

ಬ್ರೆಂಡನ್ ನನ್ನ ಬೂಟನ್ನು ನೋಡಿದರು. ಎತ್ತರದ, ಬಿಗಿದ ಮುಖದ ಮನುಷ್ಯ. ಕೈಬೆರಳುಗಳು ಉಳಿಯ ಹಿಡಿಯಷ್ಟು ದಪ್ಪ. "ಮೊದಲ ಶಿಖರದವರೆಗೆ ಬನ್ನಿ. ಆಮೇಲೆ ನೋಡೋಣ," ಎಂದರು. ನನ್ನ ಇಂಗ್ಲಿಷು ಆಟದ ಮೈದಾನದ್ದು. ಸ್ಟ್ಯಾಂಡ್, ರನ್, ಸ್ಟಾಪ್ ಎನ್ನುವುದಕ್ಕೆ ಸಾಕು, ವಾದಕ್ಕೆ ಸಾಲದು. ಸನಾಗೆ ಹೇಳಿದೆ: "ಇಂಥಾ ಗುಡ್ಡ ಭಾಳ ಏರೀನಿ ಅಂತ ಹೇಳವಾ ಇವರಿಗೆ." ಅವಳು ಹೇಳಿದಳು. ಅವರು ಹುಬ್ಬೇರಿಸಿ ತಲೆಯಾಡಿಸಿದರು.

ದಾರಿಯಲ್ಲಿ ಅವರ ನಿಯಮ ಒಂದೇ. ಮುಂದೆ ಅವರು, ಹಿಂದೆ ಅವರು ನೇಮಿಸಿದ ಒಬ್ಬರು. ಮುಂದಿನವರನ್ನು ಯಾರೂ ದಾಟಬಾರದು, ಹಿಂದಿನವರಿಗಿಂತ ಯಾರೂ ಹಿಂದೆ ಉಳಿಯಬಾರದು. ಮಕ್ಕಳನ್ನು ಗಣರಾಜ್ಯ ದಿನದ ಮೆರವಣಿಗೆಗೆ ಕರೆದೊಯ್ದವಳು ನಾನು, ಈ ನಿಯಮ ನನಗೆ ಹಿಡಿಸಿತು. ಅಂದು ಕೊನೆಯವರಾಗಿ ನಡೆಯುವ ಜವಾಬ್ದಾರಿ ಉಡುಪಿಯ ಪ್ರತಿಮಾ ಅವರದು. ನಲವತ್ತರ ಆಸುಪಾಸು. ಅವರ ಅಂಗಿಯ ಮೇಲೆ ಒಂದು ಕಂಪನಿಯ ಹೆಸರು ದೊಡ್ಡದಾಗಿ ಅಚ್ಚಾಗಿತ್ತು.

"ಕಂಪನಿ ಹೋದ ತಿಂಗಳು ಮುಚ್ಚಿತು. ಅಂಗಿ ಇನ್ನೂ ಗಟ್ಟಿ ಉಂಟು ಮಾರಾಯ್ರೆ," ಎಂದು ಅವರೇ ನಕ್ಕರು.

ಮೊದಲ ಶಿಖರ

ಮಿಷನ್ ಪೀಕ್ ಎಂಬ ಆ ಮೊದಲ ಗುಡ್ಡಕ್ಕೆ ಮರವೇ ಇಲ್ಲ. ಬರಿಯ ಹುಲ್ಲು, ಹುಲ್ಲಿನಲ್ಲಿ ದನಗಳು. ದನ ಕಾಯುವವರು ಯಾರೂ ಕಾಣಲಿಲ್ಲ. ದನಗಳು ದಾರಿಗೆ ಅಡ್ಡ ನಿಂತರೆ ಅಮೆರಿಕದವರು ದೂರದಲ್ಲೇ ನಿಂತು ಕಾಯುತ್ತಾರೆ. ನಾನು "ಹೈ, ಹೈ" ಎಂದು ಒಂದರ ಬೆನ್ನ ಮೇಲೊಂದು ಏಟು ಕೊಟ್ಟೆ. ಅದು ಸರಿಯಿತು. ದನಕ್ಕೆ ಕನ್ನಡ ತಿಳಿಯಿತು ಎಂದು ಪ್ರತಿಮಾ ಹಿಂದಿನಿಂದ ಹೇಳಿದರು.

ಇನ್ನೊಂದು ವಿಚಿತ್ರ. ಇಕ್ಬಾಲನ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಗುಡ್ಡದ ಮೇಲೆ ಮಾತ್ರ ಎದುರಾದವರೆಲ್ಲ ನಗುತ್ತಾರೆ, ನಮಸ್ಕಾರ ಹೇಳುತ್ತಾರೆ. ಅವರ ಸ್ನೇಹಕ್ಕೆ ಏರು ಬೇಕೋ ಏನೋ.

ಒಬ್ಬರನ್ನೂ ನಿಲ್ಲಿಸದೆ, ಎಲ್ಲಿಯೂ ಕೂರದೆ ನಾನು ನೆತ್ತಿ ಮುಟ್ಟಿದೆ. ಅಲ್ಲಿ ಒಂದು ಕಂಬ, ಕಂಬಕ್ಕೆ ಕಣ್ಣಿಟ್ಟು ದೂರದ ಊರು ನೋಡುವ ಕೊಳವೆಗಳು. ಕೆಳಗೆ ಕೊಲ್ಲಿಯ ನೀರು, ಉಪ್ಪಿನ ಮಡಿಗಳು, ಸಾಲು ಮನೆಗಳು. ಬ್ರೆಂಡನ್ ನನ್ನನ್ನು ನೋಡಿ, ಕೈಗಡಿಯಾರ ನೋಡಿ, ಮತ್ತೆ ನನ್ನನ್ನು ನೋಡಿದರು. ಮುಂದೆ ಬರಬಹುದು ಎಂದು ನಾನು ಅರ್ಥ ಮಾಡಿಕೊಂಡೆ, ಎದೆ ಉಬ್ಬಿತು.

ಉಬ್ಬಿದ್ದೇ ತಪ್ಪಾಯಿತು. ಗುಂಪಿನವರು ಫೋಟೋ ತೆಗೆಯಲು ಬಂಡೆಬಂಡೆಗೆ ಚೆದುರಿದ್ದರು. ಬ್ರೆಂಡನ್ ಮೋಡ ನೋಡಿ ಚಡಪಡಿಸುತ್ತಿದ್ದರು. ನಾನು ಸಹಾಯ ಮಾಡೋಣವೆಂದು ಸೀಟಿ ಬಾಯಿಗಿಟ್ಟೆ. ಸಾಲುಗೂಡಲು ನಮ್ಮ ಶಾಲೆಯ ಕರೆ: ಮೂರು ಊದು, ತಡೆ, ಮತ್ತೆ ಮೂರು ಊದು. ಎದೆ ತುಂಬಿ ಊದಿದೆ. ಮುಂಡರಗಿಯಲ್ಲಾದರೆ ಅಷ್ಟಕ್ಕೆ ನಾನೂರು ಮಕ್ಕಳು ಗೆರೆ ಎಳೆದಂತೆ ನಿಲ್ಲುತ್ತಿದ್ದರು.

ಇಲ್ಲಿ ಗುಡ್ಡದ ಕೆಳಗಿನಿಂದ ಇಬ್ಬರು ಅಪರಿಚಿತರು ಔಷಧಿಯ ಚೀಲ ಹಿಡಿದು ಏದುಸಿರು ಬಿಡುತ್ತ ಓಡಿ ಬಂದರು. ಇನ್ನೊಬ್ಬ ಊಟದ ಡಬ್ಬಿ ಅಲ್ಲೇ ಬಿಟ್ಟು ಬಂದ. ಬ್ರೆಂಡನ್ನರ ಮುಖ ಸುಣ್ಣದಂತಾಗಿತ್ತು. ಗುಡ್ಡದ ಮೇಲೆ ಸೀಟಿಯನ್ನು ಹಾಗೆ ಮತ್ತೆ ಮತ್ತೆ ಊದಿದರೆ ಯಾರದೋ ಜೀವ ಹೋಗುತ್ತಿದೆ, ಬನ್ನಿ ಎಂದು ಅರ್ಥವಂತೆ. ಬೇರಾವುದಕ್ಕೂ ಅದನ್ನು ಊದುವಂತಿಲ್ಲವಂತೆ. ಸನಾ ಕಂಬದ ಹಿಂದೆ ಮುಖ ಮುಚ್ಚಿಕೊಂಡು, "ಫುಪ್ಪು, ಪ್ಲೀಸ್," ಎಂದಳು.

ಬ್ರೆಂಡನ್ ಅಂಗೈ ಚಾಚಿದರು. "ಕೊನೆಗೆ ಕಾರಿನ ಹತ್ತಿರ ವಾಪಸು ಕೊಡುತ್ತೇನೆ." ಮೂವತ್ತೊಂದು ವರ್ಷ ಮಕ್ಕಳಿಂದ ಬುಗುರಿ, ಕನ್ನಡಿ, ಹುಣಸೆಹಣ್ಣಿನ ಪೊಟ್ಟಣ ಕಿತ್ತುಕೊಂಡು ಮೇಜಿನ ಖಾನೆಗೆ ಹಾಕಿದವಳು ನಾನು. ಆ ಮಕ್ಕಳಿಗೆ ಏನನ್ನಿಸುತ್ತಿತ್ತು ಎಂಬುದು ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ಸೀಟಿ ಬಿಚ್ಚಿ ಕೊಟ್ಟೆ.

ಎರಡನೆಯ ಶಿಖರ

ಎರಡನೆಯ ಗುಡ್ಡದ ತುದಿಯಲ್ಲಿ ಟವರುಗಳನ್ನು ನಿಲ್ಲಿಸಿ ಸುತ್ತ ಬೇಲಿ ಹಾಕಿದ್ದಾರೆ. ಒಳಗೆ ಹೋಗುವಂತಿಲ್ಲ. ಕೆಳಗಿನ ಬೇಲಿ ಮುಟ್ಟಿದರೆ ಶಿಖರ ಮುಟ್ಟಿದ ಲೆಕ್ಕ ಎಂದು ಬ್ರೆಂಡನ್ನರ ತೀರ್ಪು. ನಾನು ಎರಡು ಕೈಯಿಂದಲೂ ಮುಟ್ಟಿದೆ.

ಬೇಲಿಯ ಪಕ್ಕ ಊಟಕ್ಕೆ ಕುಳಿತೆವು. ಅವರೆಲ್ಲ ಕಾಗದ ಸುತ್ತಿದ ಚಿಕ್ಕಿಯಂಥದೇನನ್ನೋ ನಿಂತೇ ಕಡಿದರು. ನಾನು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಸೀಟಿಯ ಸಂಕಟ ಮರೆಯಲಿ ಎಂದು ಮೊದಲ ತುಂಡನ್ನು ಬ್ರೆಂಡನ್ನರಿಗೇ ಕೊಟ್ಟೆ. ಅವರು ತಿಂದು, ಕೆಮ್ಮಿ, ಕಣ್ಣೊರೆಸಿಕೊಂಡು ಇನ್ನೊಂದು ಕೇಳಿದರು. ಆಮೇಲೆ ಮಾತು ಸಡಿಲವಾಯಿತು.

ವರ್ಷದಲ್ಲಿ ಈ ಎರಡು ತಿಂಗಳು ಮಾತ್ರ ಈ ಗುಡ್ಡಗಳು ತಮ್ಮೂರಿನ ಹಾಗೆ ಹಸಿರಾಗಿರುತ್ತವೆ, ಅದಕ್ಕೇ ಮಾರ್ಚಿನಲ್ಲಿ ಬರುತ್ತೇನೆ ಎಂದರು. ಅವರೂರಿನ ಗುಡ್ಡವನ್ನು ಅವರು ಕೊನೆಯ ಸಲ ಹತ್ತಿ ಇಪ್ಪತ್ತು ವರ್ಷ ಮೇಲಾಗಿದೆಯಂತೆ. ರೊಟ್ಟಿಯ ಕೊನೆಯ ತುಂಡು ಮುಗಿಸಿ ಕೇಳಿದರು: "ನಿಮ್ಮ ಗುಡ್ಡದ ತುದಿಯಿಂದ ಏನು ಕಾಣುತ್ತದೆ?"

ಸನಾ ಅದನ್ನು ನನಗೆ ದಾಟಿಸಿ, ಉತ್ತರಕ್ಕಾಗಿ ನನ್ನ ಬಾಯಿಯನ್ನೇ ನೋಡಿದಳು.

"ತುಂಗಭದ್ರಾ ಹೊಳಿ ಕಾಣ್ತದ," ಎಂದೆ. "ಬೆಳ್ಳಿ ಎಳಿ ಕಂಡಂಗ ಕಾಣ್ತದ."

ಸನಾ ಅದನ್ನು ಎಷ್ಟು ಚೆಂದವಾಗಿ ಇಂಗ್ಲಿಷಿಗೆ ತಿರುಗಿಸಿದಳೆಂದರೆ, ಸುತ್ತ ಇದ್ದವರೂ ತಿನ್ನುವುದನ್ನು ನಿಲ್ಲಿಸಿ ಕೇಳಿದರು.

ಮಂಜಿನಲ್ಲಿ

ಮೂರನೆಯ ಶಿಖರದ ದಾರಿಯಲ್ಲಿ ಮೋಡ ಗುಡ್ಡದ ಮೇಲೇ ಇಳಿಯಿತು. ಮುಂದಿನವರ ಬೆನ್ನು ಬೂದಿಯಾಗಿ, ಆಮೇಲೆ ಇಲ್ಲವಾಯಿತು. ನಾನು ಮುಂದೆಯೇ ಇದ್ದೆ; ಸನಾ ಬೂಟಿನ ದಾರ ಕಟ್ಟಲು ನಿಂತಳೆಂದು ಹಿಂದುಳಿದೆ. ಹಿಂದೆ ಪ್ರತಿಮಾ. ಅವರು "ಅಯ್ಯೋ" ಎಂದದ್ದು ಕೇಳಿತು. ತಿರುಗಿ ನೋಡಿದರೆ ದನ ತುಳಿದ ಕುಳಿಯಲ್ಲಿ ಕಾಲು ಸಿಕ್ಕಿ ಬಿದ್ದಿದ್ದರು.

ಕೂಡಿಸಿ, ಬೂಟು ಬಿಚ್ಚಿ ನೋಡಿದೆ. ಎಲುಬು ಮುರಿದಿಲ್ಲ, ಹಿಮ್ಮಡಿಯ ಮೇಲೆ ಆಗಲೇ ಊತ ಏರುತ್ತಿತ್ತು. ದುಪಟ್ಟಾ ತೆಗೆದು ಎಂಟರ ಆಕಾರದಲ್ಲಿ ಬಿಗಿದು ಕಟ್ಟಿದೆ. ಅಷ್ಟರಲ್ಲಿ ಮುಂದಿನವರ ಸದ್ದು ಪೂರಾ ಅಡಗಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ. ಟವರುಗಳ ಕೆಳಗೇ ಸಿಗ್ನಲ್ ಇಲ್ಲದ್ದು ನಮ್ಮೂರಿನಲ್ಲಿ ಕೆರೆಯ ಪಕ್ಕ ನೀರಿಲ್ಲದ ಓಣಿಯ ಹಾಗೆ.

"ದಿ ವಿಷಲ್," ಎಂದಳು ಸನಾ. ಆಮೇಲೆ ಅದು ಎಲ್ಲಿದೆ ಎಂದು ನೆನಪಾಗಿ ಬಾಯಿ ಮುಚ್ಚಿದಳು. ನಿಜವಾಗಿ ಬೇಕಾದ ಹೊತ್ತಿಗೆ ಅದು ಬ್ರೆಂಡನ್ನರ ಜೇಬಿನಲ್ಲಿತ್ತು. ಅವಳು ನನ್ನ ಕಮೀಜಿನ ತುದಿ ಹಿಡಿದುಕೊಂಡಳು. ಮಕ್ಕಳಿಗೆ ಹೆದರಿಕೆಯಾದಾಗ ಕೆಲಸ ಕೊಡಬೇಕು.

"ಸನಾ, ಸಾವಧಾನ್," ಎಂದೆ. ಅವಳ ಹಿಮ್ಮಡಿಗಳು ತಾವಾಗಿಯೇ ಕೂಡಿದವು. "ನನ್ನ ಜೋಡಿ ಎಣಸು. ಹೊಟ್ಟಿಯಿಂದ ದನಿ ಬರಬೇಕು."

ಒಂದು, ಎರಡು, ಮೂರು, ನಾಕು. ತಡೆ. ಐದು, ಆರು, ಏಳು, ಎಂಟು. ನನ್ನ ದನಿ ಮುಂಡರಗಿಯ ಮೈದಾನ ದಾಟಿ ಸಂತೆಯವರೆಗೆ ಕೇಳುತ್ತಿದ್ದ ದನಿ. ಅವಳದು ಮೊದಲು ಇಲಿಮರಿಯ ಹಾಗಿತ್ತು. ನಾಲ್ಕನೆಯ ಸುತ್ತಿಗೆ ನನ್ನದಕ್ಕಿಂತ ಮುಂದೆ ಓಡತೊಡಗಿತು. ಕ್ಯಾಲಿಫೋರ್ನಿಯಾದ ಗುಡ್ಡದ ಮೇಲೆ, ಅಲ್ಲೇ ಹುಟ್ಟಿದ ಹುಡುಗಿ ಕನ್ನಡದಲ್ಲಿ ಕೂಗುತ್ತಿದ್ದಳು. ಪ್ರತಿಮಾ ನೋವಿನಲ್ಲೂ ನಮ್ಮೊಡನೆ ಎಣಿಸಿದರು.

ಎಷ್ಟು ಸುತ್ತು ಎಣಿಸಿದೆವೋ ತಿಳಿಯದು. ಮಂಜಿನೊಳಗಿಂದ ಮೊದಲು ಒಂದು ಕೋಲು, ಆಮೇಲೆ ಬ್ರೆಂಡನ್ ಬಂದರು. ಪ್ರತಿಮಾ ಅವರ ಕಾಲಿನ ಕಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು. ಎದ್ದು ಜೇಬಿನಿಂದ ಸೀಟಿ ತೆಗೆದು ನನ್ನ ಕೈಗಿಟ್ಟರು. "ಇದನ್ನು ಕಿತ್ತುಕೊಂಡದ್ದು ನನ್ನ ತಪ್ಪು. ಆದರೆ ನಿಮಗೆ ಇದರ ಅಗತ್ಯವೂ ಇಲ್ಲ," ಎಂದರು.

ಆಮೇಲೆ ಕಷ್ಟದ ಮಾತು ಬಂತು. ಉಳಿದವರು ಮಂಜಿನಲ್ಲಿ ಮುಂದೆ ಕಾಯುತ್ತಿದ್ದಾರೆ, ಅಲ್ಲಿಂದ ಮುಂದಿನ ದಾರಿ ಬಲ್ಲವರು ಬ್ರೆಂಡನ್ ಒಬ್ಬರೇ. ಮೂರನೆಯ ಶಿಖರ ಇಪ್ಪತ್ತು ನಿಮಿಷದ ದಾರಿ. ಅಲ್ಲಿಂದ ಫೋನು ಸಿಗುತ್ತದೆ, ಜೀಪು ಕರೆಸಬಹುದು. ಜೀಪು ಬರುವವರೆಗೆ ಪ್ರತಿಮಾ ಜೊತೆ ಒಬ್ಬರು ಇರಬೇಕು. ಇನ್ನೊಬ್ಬರನ್ನು ಕಳಿಸುತ್ತೇನೆ, ನೀವು ಬನ್ನಿ ಎಂದು ಅವರು ನನಗೆ ಹೇಳಿದರು.

"ಹೌದು, ನೀವು ಹೋಗಿ. ನಾನು ಇಲ್ಲಿ ಒಬ್ಬಳೇ ಕೂತ್ಕೊಳ್ತೇನೆ," ಎಂದರು ಪ್ರತಿಮಾ. ಹೇಳುತ್ತಲೇ ನನ್ನ ತೋಳನ್ನು ಹಿಡಿದಿದ್ದರು.

ಇಪ್ಪತ್ತು ನಿಮಿಷ. ನನ್ನ ಕಾಲಿನಲ್ಲಿ ಇನ್ನೂ ಎರಡು ಗುಡ್ಡಕ್ಕಾಗುವಷ್ಟು ಶಕ್ತಿಯಿತ್ತು. ನೋಟ್‌ಬುಕ್ಕಿನ ಹಾಳೆ ಕಣ್ಣ ಮುಂದೆ ಬಂತು. ಸುಳ್ಳೇಕೆ, ಹೋಗಬೇಕೆನಿಸಿತು. ಆದರೆ ಬಿದ್ದ ಮಗುವನ್ನು ಬಿಟ್ಟು ಯಾರು ಗೆದ್ದರೆಂದು ನೋಡಲು ನಾನು ಒಂದು ಕ್ರೀಡಾಕೂಟದಲ್ಲೂ ಓಡಿಲ್ಲ. ಪ್ರತಿಮಾ ಪಕ್ಕ ಕುಳಿತೆ.

"ಸನಾ, ನೀ ನಡಿ."

"ಐ ವಾಂಟ್ ಟು ಸ್ಟೇ."

"ನಡಿ ಅಂದೆ. ನಿನ್ನ ಕಾಲಿಗೇನಾಗೇತಿ?"

ಅವಳು ಹಿಂದೆ ಹಿಂದೆ ನೋಡುತ್ತ ಬ್ರೆಂಡನ್ನರ ಜೊತೆ ಮಂಜಿನೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವಳ ದನಿ ಕೇಳಿತು: ಒಂದು, ಎರಡು, ಮೂರು, ನಾಕು. ನಾನು ಇಲ್ಲಿಂದ ಐದು ಎಂದೆ.

ಕಾರುಗಳ ಹತ್ತಿರ

ಜೀಪು ನಮ್ಮಿಬ್ಬರನ್ನು ನಡಿಗೆ ಮುಗಿಯುವ ಆಚೆ ಬದಿಯ ಪಾರ್ಕಿನಲ್ಲಿ, ಗುಂಪಿನವರು ಮೊದಲೇ ತಂದು ನಿಲ್ಲಿಸಿದ್ದ ಕಾರುಗಳ ಹತ್ತಿರ ಇಳಿಸಿತು. ಸಂಜೆ ಗುಂಪು ಬಂತು, ಎಲ್ಲರ ಮುಂದೆ ಸನಾ, ಮೊಣಕಾಲವರೆಗೆ ಕೆಸರು. ಬ್ರೆಂಡನ್ ಕಾರಿನ ಬಾನೆಟ್ಟಿನ ಮೇಲೆ ನೋಟ್‌ಬುಕ್ಕು ಇಟ್ಟರು. ಒಬ್ಬೊಬ್ಬರೇ ಬರೆದರು. ಕೊನೆಗೆ ಪೆನ್ನನ್ನು ನನ್ನ ಕಡೆ ಚಾಚಿದರು.

ನಾನು ಕೈ ಕಟ್ಟಿಕೊಂಡೆ. "ಓಟ ಮುಗಿಸದವರಿಗೆ ಚಪ್ಪಾಳಿ ಕೊಡ್ತೀವಿ, ನಂಬರ್ ಕೊಡೂದಿಲ್ಲ ಅಂತ ಹೇಳವಾ." ಸನಾ ಹೇಳಿದಳು. ಬ್ರೆಂಡನ್ ಒತ್ತಾಯ ಮಾಡಲಿಲ್ಲ. ಎರಡು ಕೈ ಎತ್ತಿ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಸನಾ ನನ್ನ ತೋಳು ಹಿಡಿದು ಪುಸ್ತಕದ ಹತ್ತಿರ ಎಳೆದಳು. ಅವಳ ಹೆಸರಿನ ಮುಂದೆ, ಗುಡ್ಡದ ಹೆಸರಿನ ಜಾಗದಲ್ಲಿ, ಫ್ರೀಮಾಂಟಿನ ಯಾವ ಗುಡ್ಡವೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕಪ್ಪತಗುಡ್ಡ ಎಂದಿತ್ತು. ಅದರ ಕೆಳಗೆ ಸಣ್ಣದಾಗಿ: ತುದಿಯಲ್ಲಿ ಗಾಳಿಗೆ ನಿಲ್ಲಲಾಗುವುದಿಲ್ಲ, ನದಿ ಬೆಳ್ಳಿಯ ಎಳೆಯಂತೆ ಕಾಣುತ್ತದೆ.

"ಅದು ನಮ್ಮ ಗುಡ್ಡ ಅಲ್ವಾ, ಫುಪ್ಪು?" ಎಂದಳು. ಇಡೀ ಮಾತನ್ನು ಕನ್ನಡದಲ್ಲಿ ಅವಳು ನನಗೆ ಹೇಳಿದ್ದು ಅದೇ ಮೊದಲು.

ಓದುಗರೇ, ಈಗ ನಿಜ ಹೇಳಬೇಕು. ನಾನು ಕಪ್ಪತಗುಡ್ಡವನ್ನು ಒಂದು ಸಲವೂ ಹತ್ತಿರಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಮೈದಾನದಿಂದ ಅದನ್ನು ನೋಡಿದ್ದೆ. ಮಕ್ಕಳನ್ನು ಬುಡದವರೆಗೆ ಕರೆದೊಯ್ದು, ಬುತ್ತಿ ಉಣ್ಣಿಸಿ, ಎಣಿಸಿ ವಾಪಸು ತಂದಿದ್ದೆ. ಗಾಳಿಯ ಮಾತು, ಹೊಳೆಯ ಮಾತು ಎಲ್ಲ ಕುರಿಗಾರರಿಂದ ಕೇಳಿದ್ದು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಮಕ್ಕಳಿಗೆ ಹೇಳುತ್ತಿದ್ದ ನಾನೇ, ಆ ನುಣುಪಿನ ಮೇಲೆ ಜಂಬ ಕಟ್ಟಿದ್ದೆ. ಈಗ ಆ ಜಂಬ ಒಂದು ಮಗುವಿನ ಕೈಬರಹದಲ್ಲಿ ಪುಸ್ತಕ ಸೇರಿತ್ತು.

ಮನೆಗೆ ಹೋಗುವ ದಾರಿಯಲ್ಲಿ, ಇಕ್ಬಾಲ್ ಫ್ರೀವೇಯಲ್ಲಿ ಕಾರು ನಡೆಸುತ್ತಿರುವಾಗ, ಹಿಂದಿನ ಸೀಟಿನಲ್ಲಿ ಸನಾಗೆ ಎಲ್ಲ ಹೇಳಿದೆ. ಇಕ್ಬಾಲ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಅವನಿಗೆ ಮೊದಲೇ ಗೊತ್ತಿತ್ತು. ಸನಾ ಮೊಣಕಾಲಿನ ಒಣಗಿದ ಕೆಸರನ್ನು ಉಗುರಿನಿಂದ ಕೆರೆಯುತ್ತಿದ್ದಳು. ಬಯ್ಯುತ್ತಾಳೆ, ಇಲ್ಲವೇ ನಗುತ್ತಾಳೆ ಎಂದು ಕಾದೆ.

"ದೆನ್ ಗೋ," ಎಂದಳು.

ಡೋಣಿಯ ದಾರಿ

ಊರಿಗೆ ಬಂದ ಎರಡನೆಯ ಭಾನುವಾರ ಕಪ್ಪತಗುಡ್ಡದ ಬುಡದಲ್ಲಿರುವ ಡೋಣಿ ಊರಿನವರೆಗೆ ಬಸ್ಸಿನಲ್ಲಿ ಹೋಗಿ, ಅದೇ ಕ್ಯಾನ್ವಾಸ್ ಬೂಟಿನಲ್ಲಿ ಹತ್ತಿದೆ. ಬೇಸಿಗೆಯ ಬಿಸಿಲು, ಕೆಂಪು ಕಲ್ಲು, ಮುಳ್ಳು. ಅಮೆರಿಕದ ಗುಡ್ಡಗಳಿಗಿಂತ ಕಠಿಣವೇ ಸರಿ. ಆ ಮಾತನ್ನು ಈಗ ಅಧಿಕಾರದಿಂದ ಹೇಳುತ್ತೇನೆ. ಮೂರು ಕಡೆ ಕುಳಿತೆ. ಮೊಣಕಾಲು ಹಿಡಿಯಿತು. ತುದಿ ಮುಟ್ಟಿದೆ.

ಸನಾಗೆ ಪತ್ರ ಬರೆದೆ: "ಗಾಳಿ ನಿಜ. ಬಂಡೆ ಹಿಡಿದು ನಿಂತೆ. ಹೊಳೆ ಕಾಣಲಿಲ್ಲ, ಬಿಸಿಲಿನ ಮಬ್ಬು ಇತ್ತು. ಪುಸ್ತಕದಲ್ಲಿ ತಿದ್ದಿಸು." ಇಕ್ಬಾಲ್ ಅದನ್ನು ಅವಳಿಗೆ ಓದಿ ಹೇಳಿದನಂತೆ.

ತಿಂಗಳ ಮೇಲೆ ಒಂದು ಲಕೋಟೆ ಬಂತು. ಒಳಗೆ ಬ್ರೆಂಡನ್ನರ ನೋಟ್‌ಬುಕ್ಕಿನ ಆ ಪುಟದ ಜೆರಾಕ್ಸು. ಸನಾ ಬರೆದ ನದಿಯ ಸಾಲಿನ ಪಕ್ಕ "ಮಳೆಯಾದ ಮೇಲೆ ಮತ್ತೆ ನೋಡಬೇಕು" ಎಂದು ಅವಳದೇ ತಿದ್ದುಪಡಿ. ಅದರ ಕೆಳಗೆ ಬಡಗಿಯ ದಪ್ಪ ಅಕ್ಷರಗಳಲ್ಲಿ ಹೊಸ ಸಾಲು: ಜಮೀಲಾ, ಕಪ್ಪತಗುಡ್ಡ. ಇಲ್ಲಿ ಎರಡು, ಅಲ್ಲಿ ಒಂದು, ಒಟ್ಟು ಮೂರು.

ಮೂರನ್ನೂ ಒಂದೇ ದಿನದಲ್ಲಿ ಮುಗಿಸಬೇಕೆಂಬುದು ಅವರದೇ ನಿಯಮ. ಪಿ.ಟಿ. ಟೀಚರ್ ಆದವಳು ಅದನ್ನು ನೆನಪಿಸಿ ಪತ್ರ ಬರೆಯಬೇಕಿತ್ತು. ಬರೆಯಲಿಲ್ಲ. ಆ ಹಾಳೆಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೇನೆ. ನಮ್ಮ ಮನೆಗೆ ಬಂದವರು ಅದನ್ನು ಓದಿದ ಮೇಲೆಯೇ ಚಹಾ.